ಜೇಬಿಲ್ಲದ ಬಟ್ಟೆ

ಗಾದಿಲಿಂಗನಿಗೆ ಎರಡು ಸೊಂಟ.
ನಮ್ಮಪ್ಪನ ಅಳತೆ ಪುಸ್ತಕದಲ್ಲಿ ಒಂದೇ ಹೆಸರಿನ ಕೆಳಗೆ
ಎರಡು ಸಾಲು:
ಸುಗ್ಗಿಗೆ ಮೂವತ್ತಾರು,
ಮಳೆಗೆ ಮೂವತ್ತೆರಡು.

ಕೌಲ್ ಬಜಾರಿನ ನಮ್ಮ ಅಂಗಡಿಗೆ ಬಾಗಿಲಿರಲಿಲ್ಲ, ಗೋಣಿಪರದೆ.
ಅದು ಸರಿಯುವ ಮೊದಲೇ ಮಷೀನಿನ ಮೇಲಿನ ಬೆಳಕು ಕಡಿಮೆಯಾದರೆ
ಬಂದವನು ಗಾದಿಲಿಂಗ.
ನಾನು ಗುಂಡಿ ಹಚ್ಚುವ ಹುಡುಗ.
ತಲೆ ಎತ್ತದೆಯೇ ತಿಂಗಳು ಹೇಳುತ್ತಿದ್ದೆ:
ಎಣ್ಣೆ, ಕೆಮ್ಮಣ್ಣು ನಾತಿದ್ದರೆ ಕುಸ್ತಿ,
ಒದ್ದೆ ತೊಗಲಿನದಾದರೆ ಫುಟ್‌ಬಾಲು.

ನಮ್ಮ ಓಣಿಯಲ್ಲಿ ಆಡಿದ್ದಕ್ಕೆ ದುಡ್ಡು ಇಸಕೊಂಡ ಮೊದಲಿಗ ಆತ.
ಹತ್ತಿ ಗಿರಣಿ ಟೀಮಿಗೆ ಮ್ಯಾಚಿಗೆ ಎರಡೂವರೆ ರೂಪಾಯಿ,
ಗೋಲು ಹೊಡೆದರೆ ಮೇಲೆ ನಾಲ್ಕಾಣೆ,
ಸೋತರೆ ಬರೀ ರೈಲ್ ಚಾರ್ಜು.
ಆದೋನಿ, ಆಲೂರು, ಕುರುಗೋಡಿನ ಕಣಗಳಲ್ಲಿ
ಮೊದಲೇ ಮಾತಾದ ರೊಕ್ಕ, ಬಿದ್ದರೂ ಎದ್ದರೂ.
ಅವರವ್ವ ಹುಲಿಗೆಮ್ಮ ಅದನ್ನು ಮುಟ್ಟಲಿಲ್ಲ.
‘ಮೈ ಬಗ್ಗಿಸಿ ದುಡಿದ್ರೆ ಕೂಲಿ.
ಮೈ ತೋರ್ಸಿ ಆಡಿದ್ರೆ ಅದಕ್ಕೇನಂತಾರಲೇ?’
ಆತನಿಗೆ ಆ ಪದ ಗೊತ್ತಿರಲಿಲ್ಲ.
ಬಳ್ಳಾರಿಯಲ್ಲಿ ಆಗ ಯಾರಿಗೂ.

ಉಸ್ತಾದ್ ಜಿಂದಾವಲಿ ಹೇಳುವುದು: ತಿನ್ನು,
ಮಣ್ಣಿಗೆ ನಿನ್ನ ಗುರುತು ಹತ್ತುವಷ್ಟು ತೂಕ ಆಗು.
ಕ್ಯಾಪ್ಟನ್ ದೊರೈರಾಜು ಹೇಳುವುದು: ಓಡು,
ಕೋಟೆಗುಡ್ಡ ಹತ್ತಿ ಇಳಿ, ಬಾದಾಮಿ ಬಿಡು.
ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಆರು ತಿಂಗಳಲ್ಲಿ ಕರಗಿಸುತ್ತಿದ್ದ.
ಆತನ ದಿನದ ಅಂಗಿಯ ಪಕ್ಕದಲ್ಲಿ ಅಪ್ಪ
ನಾಲ್ಕು ಬೆರಳು ಬಟ್ಟೆ ಮಡಚಿಟ್ಟೇ ಹೊಲಿಯುತ್ತಿದ್ದ,
ಇನ್ನೂ ಬಾರದ ಗಾದಿಲಿಂಗನಿಗೆಂದು.

ಕುಸ್ತಿಯ ಚಡ್ಡಿಗೆ ಜೇಬಿಲ್ಲ.
ಫುಟ್‌ಬಾಲ್ ಚಡ್ಡಿಗೂ ಇಲ್ಲ.
ಬೆವರಿನ ಮುಷ್ಟಿಯಲ್ಲಿ ತಂದ ದುಡ್ಡು
ನಮ್ಮ ಗುಂಡಿಡಬ್ಬಿಗೆ ಬೀಳುತ್ತಿತ್ತು.
ಬಿಳಿ ಗುಂಡಿ ಹುಡುಕುತ್ತಾ ಕೈ ಆಡಿಸಿದರೆ
ಬೆರಳಿಗೆ ಒಮ್ಮೊಮ್ಮೆ ತೂತಿಲ್ಲದ್ದು, ತಣ್ಣನೆಯದು,
ಸ್ವಲ್ಪ ಭಾರದ್ದು ಸಿಗುತ್ತಿತ್ತು.

ಯುದ್ಧದ ಕಾಲ. ತಂತಿಬೇಲಿಯ ಆಚೆ ಇಟಲಿ ಕೈದಿಗಳು.
ಒಂದು ರವಿವಾರ ಗಿರಣಿಯವರ ಜೊತೆ ಅವರ ಮ್ಯಾಚು.
ಚೆಂಡು ಬಿಡಿಸಿಕೊಳ್ಳಲು ಬಂದ ಉದ್ದನೆಯ ಕೈದಿಯೊಬ್ಬ
ಸೊಂಟಕ್ಕೆ ಕೈ ಹಾಕಿದ್ದೇ ತಪ್ಪಾಯಿತು.
ಗಾದಿಲಿಂಗನ ಮೈಗೆ ತಿಂಗಳು ಮರೆತುಹೋಯಿತು.
ಎತ್ತಿದ. ತಿರುಗಿಸಿದ. ಮಗುವನ್ನು ತೊಟ್ಟಿಲಿಗೆ ಹಾಕಿದಂತೆ
ಎರಡೂ ಹೆಗಲು ನೆಲಕ್ಕೆ ತಾಗಿಸಿ ಮಲಗಿಸಿದ.
ಸೀಟಿ.
ಗರಡಿಯವರು ‘ಚಿತ್! ಚಿತ್!’ ಎಂದು ರುಮಾಲು ಹಾರಿಸಿದರು,
ಗಿರಣಿಯವರು ಬೈದರು,
ಬಿದ್ದವನು ಆಕಾಶ ನೋಡುತ್ತಾ ನಗತೊಡಗಿದ,
ಎಷ್ಟು ದಿನದ ನಗೆಯೋ ಅದು.
ಅವತ್ತಿನ ಎರಡೂವರೆ ಮುರಿದುಕೊಂಡರು.
‘ಒಂದೇ ಮೈದಾನದಾಗ ಎರಡೂ ಆಟ ಆಡೀನಿ,
ಒಂದರ ರೊಕ್ಕಾನೂ ಇಲ್ಲ’ ಎಂದ ಅಪ್ಪನಿಗೆ,
ಪಾಲಿಗೆ ಬಂದ ಮಿರ್ಚಿ ಮುರಿಯುತ್ತಾ.

ಮೊಣಕಾಲು ಗುಂತಕಲ್ಲಿನಲ್ಲಿ ಹೋಯಿತು.
ಅಷ್ಟೇ ಗೊತ್ತು, ಆತ ಹೇಳಲಿಲ್ಲ.
ಕಾಲಿಲ್ಲದವನಿಗೆ ಚೆಂಡು ಸಿಗದು, ಪಟ್ಟೂ ಹಿಡಿಯದು.
ಎರಡು ಮನೆಯ ಊಟಗಾರನಿಗೆ
ಒಂದೇ ರಾತ್ರಿ ಎರಡೂ ಒಲೆ ಆರಿದವು.

ಅಪ್ಪ ತೀರಿದ ಮರುವರ್ಷ ಪರದೆ ಸರಿಯಿತು.
ಬೆಳಕು ಅಷ್ಟೇನೂ ಕಡಿಮೆಯಾಗಲಿಲ್ಲ.
ಒಣ ಅಂಜೂರದಂಥ ಕಿವಿ, ವಾಲುವ ನಡಿಗೆ,
ಕೈಯಲ್ಲಿ ಗಿರಣಿ ಕೊಟ್ಟ ಖಾಕಿ ಬಟ್ಟೆ: ಗೇಟಿನ ಕಾವಲು.
ಅಳೆದೆ. ನಲವತ್ತು. ಪುಸ್ತಕದಲ್ಲಿ ಮೂರನೇ ಸಾಲು,
ಅದರ ಮುಂದೆ ಯಾವ ಕಾಲ ಬರೆಯಲಿ?
‘ಈ ಸಲ ಜೇಬು ಹಚ್ಚು,’ ಎಂದ. ‘ಎರಡು. ದೊಡ್ಡವು.’
ಡಬ್ಬಿ ಬೋರಲು ಹಾಕಿದೆವು.
ಬಾದಾಮಿಗೆ ಹೋದದ್ದು ಹೋಗಿ, ಮೊಣಕಾಲಿನ ಎಣ್ಣೆಗೆ ಹೋದದ್ದು ಹೋಗಿ
ಗುಂಡಿಗಳ ನಡುವೆ ಏಳಾಣೆ.
‘ಹೊಲಿಗೆ ಕೂಲಿ ಹಿಡಕೋ.’
ಹಿಡಕೊಂಡೆ. ಬೇಡವೆನ್ನಲು ನಾನೂ
ಕೈ ಆಡಿಸಿಯೇ ತಿನ್ನುವವನು.

ಸಂಜೆ ಗಿರಣಿ ಓಣಿಯಲ್ಲಿ ಹುಡುಗರ ಚಿಂದಿಚೆಂಡು
ಕೆಲವೊಮ್ಮೆ ಗೇಟಿನವರೆಗೆ ಉರುಳಿ ಬರುತ್ತದೆ.
ಆತ ಒಳ್ಳೆಯ ಕಾಲಿನಿಂದ ಅದನ್ನು ನಿಲ್ಲಿಸುತ್ತಾನೆ,
ಒಂದು ಗಳಿಗೆ ಸುಮ್ಮನಿರುತ್ತಾನೆ,
ಕೇಳಿದವನ ಕಾಲಿಗೇ ಸರಿಯಾಗಿ ತಳ್ಳುತ್ತಾನೆ,
ಎರಡೂ ಕೈ
ಜೇಬಿನಿಂದ ಹೊರಗೆ ತೆಗೆಯದೆ.